ಬಿಡಿಸಿದ ಅಕ್ಷರವನ್ನು ಮತ್ತೆ ಎಳೆಯಬೇಡಿ

ಅಂಗೈಯಗಲದ ಕಂಪ್ಯೂಟರೊಂದನ್ನು ತಂದು ಮಾನಿಟರಿಗೋ ಟಿವಿಗೋ ಜೋಡಿಸಿದವರ ದೂರು ಅನೇಕ ವೇಳೆ ವೇಗದ ಬಗ್ಗೆ ಇರುವುದಿಲ್ಲ, ಅಕ್ಷರದ ಬಗ್ಗೆ ಇರುತ್ತದೆ. ಸಿನಿಮಾ ಚೆನ್ನಾಗಿಯೇ ಕಾಣುತ್ತದೆ, ಫೋಟೋಗಳೂ ಪರವಾಗಿಲ್ಲ; ಓದಲು ಕೂತರೆ ಮಾತ್ರ ಅಕ್ಷರಗಳ ಅಂಚು ಕರಗಿದಂತಿರುತ್ತದೆ. ಆಗ ಸಂಶಯ ಸರದಿಯಂತೆ ಎಲ್ಲದರ ಮೇಲೂ ಬೀಳುತ್ತದೆ. ಕೇಬಲ್ ಅಗ್ಗದ್ದು, ಮಾನಿಟರ್ ಹಳೆಯದು, ಇಷ್ಟು ಚಿಕ್ಕ ಪೆಟ್ಟಿಗೆಗೆ ತ್ರಾಣ ಸಾಲದು, ಕೊನೆಗೆ ಕಣ್ಣಿನ ನಂಬರೇ ಬದಲಾಗಿದೆ. ಈ ಎಲ್ಲ ಊಹೆಗಳ ಹಿಂದೆ ಇರುವ ನಂಬಿಕೆ ಒಂದೇ: ಯಾವುದೋ ಒಂದು ಭಾಗ ಕೆಟ್ಟಿದೆ, ಅದನ್ನು ಬದಲಿಸಿದರೆ ಸರಿಹೋದೀತು. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಬಹುಪಾಲು ಸಂದರ್ಭಗಳಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಚುಕ್ಕಿಗಳಾಗಿ ಬಿಡಿಸಿ ಮುಗಿಸಿದ ಅಕ್ಷರವನ್ನು ದಾರಿಯಲ್ಲಿ ಇನ್ನೊಂದು ಕೈ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಇಲ್ಲವೇ ತನಗೆ ತೋಚಿದಂತೆ ತಿದ್ದುತ್ತದೆ. ಮಸುಕು ಹುಟ್ಟುವುದು ಅಲ್ಲಿ. ಆದ್ದರಿಂದ ಪರಿಹಾರವನ್ನು ಹುಡುಕಬೇಕಾದದ್ದು ಅಂಗಡಿಯಲ್ಲಲ್ಲ. ನಡುವೆ ಬಂದ ಕೈಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುವುದರಲ್ಲಿ.

ಈ ಮಾತು ನಿಲ್ಲಬೇಕಾದರೆ ಅಕ್ಷರ ಪರದೆಗೆ ಬರುವ ಬಗೆಯನ್ನು ನೋಡಬೇಕು. ಇಂದಿನ ಫಾಂಟ್‌ಗಳಲ್ಲಿ ಅಕ್ಷರ ಇರುವುದು ಬಾಗುಗೆರೆಗಳ ಲೆಕ್ಕವಾಗಿ. 'ಕ' ಎಂಬುದರ ಹೊರ ಅಂಚು ಎಲ್ಲಿ ಹೊರಟು, ಎಲ್ಲಿ ಬಳಸಿ, ಎಲ್ಲಿ ಕೂಡಿಕೊಳ್ಳುತ್ತದೆ ಎಂಬ ವಿವರವಷ್ಟೇ ಅಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ನಷ್ಟವಿಲ್ಲ. ಬೇಕಾದ ಗಾತ್ರ ತಿಳಿದ ಮೇಲೆ ತಂತ್ರಾಂಶ ಆ ಗೆರೆಗಳನ್ನು ಪರದೆಯ ಚೌಕಳಿಯ ಮೇಲಿಟ್ಟು, ಯಾವ ಪಿಕ್ಸೆಲ್ ಕಪ್ಪಾಗಬೇಕು, ಯಾವುದು ಬೂದಾಗಬೇಕು, ಯಾವುದು ಬಿಳಿಯಾಗಿಯೇ ಉಳಿಯಬೇಕು ಎಂದು ನಿರ್ಧರಿಸುತ್ತದೆ. ಆ ಕ್ಷಣದಿಂದ ಅದು ಗೆರೆಯಲ್ಲ, ಚುಕ್ಕಿಗಳ ಗುಂಪು. ದರ್ಜಿ ಬಟ್ಟೆ ಕತ್ತರಿಸುವ ಮುನ್ನ ಅಳತೆಯನ್ನು ಹೇಗೆ ಬೇಕಾದರೂ ಬದಲಿಸಬಹುದು. ಕತ್ತರಿಸಿ ಹೊಲಿದ ಮೇಲೆ ಅಂಗಿಯನ್ನು ಎಳೆದು ದೊಡ್ಡದು ಮಾಡಲು ಹೋದರೆ ಹೊಲಿಗೆ ಬಾಯಿ ಬಿಡುತ್ತದೆ. ಅಕ್ಷರದ ವಿಷಯದಲ್ಲೂ ಅಳತೆ ಬದಲಿಸುವ ಕೆಲಸ ಒಂದೇ ಸಲ, ಗೆರೆ ಚುಕ್ಕಿಯಾಗುವ ಹಂತದಲ್ಲೇ ಮುಗಿಯಬೇಕು. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳಿಗೆ ಈ ನಿಯಮ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಅಲ್ಲಿ ಎಲೆಕ್ಟ್ರಾನ್ ಕಿರಣ ಓಡಿದಂತೆ ಚಿತ್ರ ಮೂಡುತ್ತಿತ್ತು, ಹಲವು ರೆಸಲ್ಯೂಷನ್‌ಗಳನ್ನು ಅದು ಹೆಚ್ಚು ಕಡಿಮೆ ಒಂದೇ ಸಮನಾಗಿ ತೋರಿಸುತ್ತಿತ್ತು. ಎಲ್‌ಸಿಡಿ ಪರದೆಯ ಚೌಕಳಿ ಕಾರ್ಖಾನೆಯಲ್ಲೇ ಅಚ್ಚಾಗಿ ಬರುತ್ತದೆ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪಿಕ್ಸೆಲ್. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಈ ಚೌಕಳಿಗೆ ಬೇರೆ ಲೆಕ್ಕದ ಚಿತ್ರ ಬಂದಾಗ ಏನಾಗುತ್ತದೆಂದು ಲೆಕ್ಕ ಹಾಕಿಯೇ ತಿಳಿಯಬಹುದು. ಕಂಪ್ಯೂಟರ್ 1366×768 ಗಾತ್ರದ ಚಿತ್ರ ಕಳಿಸಿತು, ಪರದೆ 1920×1080 ಎಂದಿಟ್ಟುಕೊಳ್ಳಿ. ಬಂದ ಪ್ರತಿ ಪಿಕ್ಸೆಲ್ ಅಡ್ಡಕ್ಕೂ ಉದ್ದಕ್ಕೂ ಪರದೆಯ ಸುಮಾರು 1.4 ಪಿಕ್ಸೆಲ್‌ಗಳನ್ನು ತುಂಬಬೇಕು. ಆದರೆ 0.4 ಪಿಕ್ಸೆಲ್ ಎಂಬ ವಸ್ತು ಪರದೆಯಲ್ಲಿಲ್ಲ. ಮಾನಿಟರ್ ಒಂದನ್ನು ಪೂರ್ತಿ ಕಪ್ಪಾಗಿಸಿ ಪಕ್ಕದ್ದಕ್ಕೆ ಬೂದು ಬಳಿಯುತ್ತದೆ. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ, ಅಲ್ಲಿ ಬಣ್ಣಗಳು ಮೊದಲೇ ಒಂದರೊಳಗೊಂದು ಬೆರೆತಿರುತ್ತವೆ. ಅಕ್ಷರವೆಂದರೆ ಕಪ್ಪು ಬಿಳಿಯ ನಡುವಿನ ಥಟ್ಟನೆಯ ಗಡಿ. ಆ ಗಡಿಯೇ ಮಸಳಿಹೋದರೆ ಉಳಿಯುವುದು ಮಂಜು. ಇಂಥ ಹೊಂದಾಣಿಕೆ ತಪ್ಪಬಾರದೆಂದೇ ಮಾನಿಟರ್ ತನ್ನ ಪರಿಚಯಪತ್ರವನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಇಡಿಐಡಿ ಎಂದು ಕರೆಯುವ, ವೆಸಾ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ ಈ ಮಾಹಿತಿಯ ಮೂಲ ಕಂತು ಬರೀ 128 ಬೈಟ್. ತನಗೆ ಒಪ್ಪುವ ರೆಸಲ್ಯೂಷನ್ ಯಾವುದೆಂದು ಮಾನಿಟರ್ ಅದರಲ್ಲಿ ಹೇಳುತ್ತದೆ. ನಡುವೆ ಅಗ್ಗದ ಅಡಾಪ್ಟರ್ ಕೂತು ಆ ಮಾಹಿತಿಯನ್ನು ತಡೆದರೆ, ಅಥವಾ ಕಂಪ್ಯೂಟರ್ ಏಳುವ ಹೊತ್ತಿಗೆ ಮಾನಿಟರ್ ಇನ್ನೂ ಆಫ್ ಆಗಿದ್ದರೆ, ಪರಿಚಯವೇ ಆಗುವುದಿಲ್ಲ. ಕಂಪ್ಯೂಟರ್ ಯಾವುದಕ್ಕೂ ಇರಲಿ ಎಂದು ಚಿಕ್ಕದೊಂದು ರೆಸಲ್ಯೂಷನ್ ಆರಿಸಿಕೊಳ್ಳುತ್ತದೆ. ಮಾನಿಟರ್ ಅದನ್ನು ಪರದೆ ತುಂಬ ಎಳೆಯುತ್ತದೆ. ಎರಡೂ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿವೆ, ಫಲ ಮಾತ್ರ ಮಸುಕು.

ಲ್ಯಾಪ್‌ಟಾಪ್‌ನಲ್ಲಿ ಈ ತೊಂದರೆ ಅಪರೂಪ. ಪರದೆಯನ್ನೂ ಯಂತ್ರವನ್ನೂ ಒಬ್ಬನೇ ತಯಾರಕ ಜೋಡಿಸಿ ಕೊಟ್ಟಿರುತ್ತಾನೆ. ಚಿಕ್ಕ ಕಂಪ್ಯೂಟರ್‌ಗಾದರೋ ಸಿಗುವುದೆಲ್ಲ ಅಪರಿಚಿತ ಪರದೆಗಳೇ, ಅದರಲ್ಲೂ ಬಹಳ ಸಲ ಮನೆಯ ಟಿವಿ. ಟಿವಿಗೆ ಒಂದು ಪಿತ್ರಾರ್ಜಿತ ಅಭ್ಯಾಸವಿದೆ. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಚಿತ್ರದ ಅಂಚು ಒಂದು ಸೆಟ್ಟಿನಲ್ಲಿದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಚಿತ್ರವನ್ನು ಬೇಕಾದದ್ದಕ್ಕಿಂತ ತುಸು ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದರು. ಇದೇ ಓವರ್‌ಸ್ಕ್ಯಾನ್. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಟಿವಿಗೇ ಜೋಡಿಸುವ ಕಂಪ್ಯೂಟರ್. ಅದು ತನ್ನ 256×192 ಪಿಕ್ಸೆಲ್‌ಗಳ ಬರಹವನ್ನು ನಡುವೆ ಇಟ್ಟು ಸುತ್ತ ಅಗಲವಾದ ಅಂಚು ಬಿಡುತ್ತಿತ್ತು. ಆ ಅಂಚು ಟಿವಿಯ ಅಭ್ಯಾಸಕ್ಕೆ ಕಂಪ್ಯೂಟರ್ ಕೊಟ್ಟ ಸುಂಕ. ಅದೇ ನಾಡಿನಲ್ಲಿ 2012ರ ಫೆಬ್ರವರಿ 29ರಂದು 35 ಡಾಲರಿಗೆ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಕೂಡ ಆ ಸುಂಕ ಕಟ್ಟಿತು. ಅದರ ಹಳೆಯ ತಂತ್ರಾಂಶ 1920×1080 ಪರದೆಯ ನಾಲ್ಕೂ ಕಡೆ 48 ಪಿಕ್ಸೆಲ್ ಕಪ್ಪು ಅಂಚು ಬಿಟ್ಟು, ಒಳಗಿನ 1824×984ರಲ್ಲಿ ಮಾತ್ರ ಬರೆಯುತ್ತಿತ್ತು. ಓವರ್‌ಸ್ಕ್ಯಾನ್ ಮಾಡುವ ಟಿವಿ ಆ 1824ನ್ನು 1920ಕ್ಕೆ ಎಳೆದರೆ 19 ಪಿಕ್ಸೆಲ್‌ಗಳು 20 ಆಗುತ್ತವೆ. ಒಂದು ಅಕ್ಷರ ಚೊಕ್ಕ, ಮುಂದಿನದು ಮಸುಕು, ಮತ್ತೆ ಚೊಕ್ಕ ಎಂಬಂತೆ ಸಾಲಿನುದ್ದಕ್ಕೂ ಅಲೆ ಏಳುತ್ತದೆ. ಮಾನಿಟರ್ ಬಳಸುವವರು ಕಪ್ಪು ಅಂಚು ಕಂಡು ಬೇಸತ್ತು ಅದರ ಝೂಮ್ ಹಾಕಿದರೂ ಅದೇ ಕತೆ. ಪರಿಹಾರ ಎರಡೂ ಬದಿಯಲ್ಲಿದೆ: ಕಂಪ್ಯೂಟರಿನಲ್ಲಿ ಓವರ್‌ಸ್ಕ್ಯಾನ್ ಅಂಚನ್ನು ತೆಗೆಯಬೇಕು, ಟಿವಿಯ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್', '1:1' ಮುಂತಾದ ಹೆಸರಿನಲ್ಲಿ ಅಡಗಿರುವ ಆಯ್ಕೆಯನ್ನು ಹಾಕಬೇಕು. ಒಂದನ್ನು ಮಾತ್ರ ಮಾಡಿದರೆ ಇನ್ನೊಂದು ಬಿಡುವುದಿಲ್ಲ.

ಇಷ್ಟು ಕೇಳಿದವರು ಸಹಜವಾಗಿ ಎತ್ತುವ ಮೊದಲ ಆಕ್ಷೇಪ, 4ಕೆ ಮಾನಿಟರ್ ಕೊಂಡರೆ ಈ ಜಂಜಾಟವೇ ಇರುವುದಿಲ್ಲವಲ್ಲ ಎಂಬುದು. ಪಿಕ್ಸೆಲ್ ಸಣ್ಣದಾದಷ್ಟೂ ತಪ್ಪು ಕಣ್ಣಿಗೆ ಬೀಳುವುದು ಕಡಿಮೆ ಎಂಬುದು ನಿಜ. ಆದರೆ 4ಕೆ ಬೇರೊಂದು ದಾರಿಯಿಂದ ಅದೇ ರೋಗವನ್ನು ತರುತ್ತದೆ. 3840×2160 ಎಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಅವನ್ನು ಸೆಕೆಂಡಿಗೆ 60 ಸಲ ಪೂರ್ಣ ಬಣ್ಣದಲ್ಲಿ ಕಳಿಸುವ ಶಕ್ತಿ 2009ರ ಎಚ್‌ಡಿಎಂಐ 1.4ಕ್ಕೆ ಇಲ್ಲ, ಅದು 2013ರ 2.0 ಆವೃತ್ತಿಯಲ್ಲಿ ಬಂತು. ಹಳೆಯ ಪೋರ್ಟಿನಲ್ಲಿ ತುರುಕಬೇಕಾದಾಗ ಬಣ್ಣದ ವಿವರವನ್ನು ಕಡಿತ ಮಾಡುತ್ತಾರೆ. 4:2:0 ಎಂಬ ವಿಧಾನದಲ್ಲಿ ಬೆಳಕಿನ ಪ್ರಮಾಣ ಪ್ರತಿ ಪಿಕ್ಸೆಲ್‌ಗೂ ಬೇರೆ ಬೇರೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗಳ ಕುಟುಂಬಕ್ಕೆ ಒಂದೇ. ಅಂದರೆ 4ಕೆ ದುಡ್ಡು ಕೊಟ್ಟ ಪರದೆಯ ಬಣ್ಣ ಫುಲ್ ಎಚ್‌ಡಿಯದ್ದು. ಮನುಷ್ಯನ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿಯುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಹಿಡಿಯುವುದಿಲ್ಲವಾದ್ದರಿಂದ ಸಿನಿಮಾದಲ್ಲಿ ಈ ಉಳಿತಾಯ ಜಾಣತನವೇ. ನೀಲಿಯ ಮೇಲಿನ ಕೆಂಪಕ್ಷರದಲ್ಲಿ ಅದು ಬಣ್ಣ ಸೋರಿದಂತೆ ಕಾಣುತ್ತದೆ. ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನುಣುಪು ಮಾಡುವ, ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿದ ಕ್ಲಿಯರ್‌ಟೈಪ್‌ನಂಥ ಉಪಾಯವೂ ಇಲ್ಲಿ ಸೋಲುತ್ತದೆ. ಅದು ನೆಚ್ಚಿಕೊಂಡಿರುವುದೇ ಪಿಕ್ಸೆಲ್‌ನೊಳಗಿನ ಬಣ್ಣವನ್ನು. ಇದರ ಮೇಲೆ ಟಿವಿಯ 'ಶಾರ್ಪ್‌ನೆಸ್' ಅಕ್ಷರದ ಸುತ್ತ ಬಿಳಿ ಅಂಚು ಕಟ್ಟಿ ಇಲ್ಲದ ಚೂಪನ್ನು ನಟಿಸುತ್ತದೆ. ಹಲವು ಟಿವಿಗಳಲ್ಲಿ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು 'ಪಿಸಿ' ಎಂದು ಬದಲಿಸಿದೊಡನೆ ಟಿವಿಯ ಇಂಥ ತಿದ್ದುಪಡಿಗಳು ಒಟ್ಟಿಗೆ ನಿಲ್ಲುತ್ತವೆ. ಚಿತ್ರವನ್ನು ಚೆಂದಗೊಳಿಸುವ ಕೈಗಳೇ ಅಕ್ಷರವನ್ನು ಕೆಡಿಸುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಬಿಡಿಸಿದ ಚಿತ್ರವನ್ನು ಮತ್ತೆ ಅಳತೆಗೆಡಿಸುವುದೇ ದೋಷವಾದರೆ, ಆಪಲ್ ಅದನ್ನೇ ಮಾಡಿಯೂ ಅದರ ಬಳಕೆದಾರರು ತೃಪ್ತರಾಗಿರುವುದು ಹೇಗೆ? 4ಕೆ ಮಾನಿಟರಿಗೆ ಜೋಡಿಸಿದ ಮ್ಯಾಕ್ ಮಿನಿಯಲ್ಲಿ 2560×1440ರಂತೆ ಕಾಣುವ ಗಾತ್ರ ಆರಿಸಿಕೊಂಡರೆ, ಅದು ಒಳಗೆ 5120×2880 ಗಾತ್ರದಲ್ಲಿ ಎಲ್ಲವನ್ನೂ ಬಿಡಿಸಿ, ಆಮೇಲೆ 3840×2160ಕ್ಕೆ ಇಳಿಸುತ್ತದೆ. ಇದು ನಿಯಮಕ್ಕೆ ಅಪವಾದದಂತೆ ಕಂಡರೂ ನಿಯಮವನ್ನೇ ಬಲಪಡಿಸುತ್ತದೆ. ಇರುವುದಕ್ಕಿಂತ ಹೆಚ್ಚು ವಿವರ ಬಿಡಿಸಿಟ್ಟುಕೊಂಡು ಕೆಳಗಿಳಿಸಿದರೆ ನಷ್ಟ ಕಡಿಮೆ. ಇಲ್ಲದ ವಿವರವನ್ನು ಊಹಿಸಿ ಮೇಲೇರಿಸಿದರೆ ನಷ್ಟ ಪೂರ್ಣ. ಆದರೂ ಆ ಇಳಿಕೆ ಪುಕ್ಕಟೆಯಲ್ಲ. ತೋರಿಸುವ 83 ಲಕ್ಷ ಪಿಕ್ಸೆಲ್‌ಗಾಗಿ 147 ಲಕ್ಷ ಪಿಕ್ಸೆಲ್ ಬಿಡಿಸಬೇಕು. ಬಲವಾದ ಚಿಪ್ ಇರುವ ಯಂತ್ರಕ್ಕೆ ಇದು ಲೆಕ್ಕಕ್ಕಿಲ್ಲ, ರಾಸ್ಪ್‌ಬೆರಿ ಪೈ ತರಹದ ಯಂತ್ರಕ್ಕೆ ಹೊರೆ. ಮೇಲಾಗಿ ಮ್ಯಾಕ್ ತಂತ್ರಾಂಶದ 2018ರ ಮೊಹಾವೆ ಆವೃತ್ತಿಯಲ್ಲಿ ಆಪಲ್ ಬಣ್ಣಪಟ್ಟಿಗಳನ್ನು ಬಳಸಿಕೊಳ್ಳುವ ನುಣುಪನ್ನು ಕೈಬಿಟ್ಟ ಮೇಲೆ, ಸಾಧಾರಣ ಸಾಂದ್ರತೆಯ ಮಾನಿಟರಿನಲ್ಲಿ ಮ್ಯಾಕ್‌ನ ಅಕ್ಷರ ಮೆದುವಾಗಿದೆಯೆಂದು ದೂರಿದವರು ಬಹಳ. ವಿಂಡೋಸ್‌ನಲ್ಲೂ ಇದೇ ಪಾಠ. ಶೇ. 125 ಅಥವಾ 150ರ ಸ್ಕೇಲಿಂಗ್ ಹಾಕಿದಾಗ ಅದನ್ನು ಅರಿತ ಪ್ರೋಗ್ರಾಂಗಳು ಅಕ್ಷರವನ್ನು ಗೆರೆಯ ಹಂತದಲ್ಲೇ ದೊಡ್ಡದಾಗಿ ಬಿಡಿಸುತ್ತವೆ, ಚೊಕ್ಕವಾಗಿರುತ್ತವೆ. ಅರಿಯದ ಹಳೆಯ ಪ್ರೋಗ್ರಾಂಗಳನ್ನು ವಿಂಡೋಸ್ ಸಣ್ಣದಾಗಿ ಬಿಡಿಸಲು ಬಿಟ್ಟು, ಆಮೇಲೆ ಚಿತ್ರದಂತೆ ಎಳೆಯುತ್ತದೆ. ಒಂದೇ ಪರದೆ, ಒಂದೇ ಕೇಬಲ್, ಒಂದೇ ಕಣ್ಣು. ಪಕ್ಕಪಕ್ಕದ ಎರಡು ಕಿಟಕಿಗಳಲ್ಲಿ ಒಂದು ಸ್ಪಷ್ಟ, ಒಂದು ಮಸುಕು. ಬಿಡಿ ಭಾಗ ಕೆಟ್ಟಿದೆ ಎಂಬ ವಾದಕ್ಕೆ ಇದರೆದುರು ಉತ್ತರವಿಲ್ಲ.

ಮೂರನೆಯದು ಆಕ್ಷೇಪಕ್ಕಿಂತ ರೂಢಿ ಎನ್ನಬಹುದು. ಅಕ್ಷರ ಸಣ್ಣದಾಗಿ ಕಂಡರೆ, ಮುಖ್ಯವಾಗಿ ವಯಸ್ಸಾದವರಿಗಾಗಿ, ರೆಸಲ್ಯೂಷನ್ ಕಡಿಮೆ ಮಾಡಿಕೊಡುವುದು. ಅಕ್ಷರವೇನೋ ದೊಡ್ಡದಾಗುತ್ತದೆ, ಜೊತೆಗೆ ಮಂಜೂ ದೊಡ್ಡದಾಗುತ್ತದೆ. ಬೇಕಾಗಿದ್ದದ್ದು ದೊಡ್ಡ ಅಕ್ಷರ, ಕೊಟ್ಟದ್ದು ದೊಡ್ಡ ಚುಕ್ಕಿ. ರೆಸಲ್ಯೂಷನ್ ಪರದೆಯ ಸ್ವಂತ ಲೆಕ್ಕದಲ್ಲೇ ಇರಲಿ, ಗಾತ್ರ ಬದಲಿಸುವುದು ಸ್ಕೇಲಿಂಗ್ ಅಥವಾ ಫಾಂಟ್ ಗಾತ್ರದಿಂದ ಆಗಲಿ ಎಂಬ ಒಂದು ನಿಯಮ ಸಾಕು. ಕನ್ನಡ ಓದುವವರಿಗೆ ಈ ನಿಯಮ ಇನ್ನೂ ಮುಖ್ಯ. ಸಾಮಾನ್ಯ ಸಾಂದ್ರತೆಯ ಪರದೆಯಲ್ಲಿ 12 ಪಾಯಿಂಟ್ ಬರಹಕ್ಕೆ ಸಿಗುವ ಎತ್ತರ 16 ಪಿಕ್ಸೆಲ್. ಅಷ್ಟರೊಳಗೆ ತಲೆಕಟ್ಟು, ಅಕ್ಷರದ ಒಡಲು, ಕೆಳಗಿನ ಒತ್ತು ಎಲ್ಲವೂ ಕೂರಬೇಕು. ಬ ಮತ್ತು ಭ, ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಅಡಿಯಲ್ಲಿನ ಒಂದು ಸಣ್ಣ ಸೀಳಿನಿಂದ. ಪ ಮತ್ತು ಷ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಗೆರೆಯಿಂದ. ಆ ಗಾತ್ರದಲ್ಲಿ ಇವೆಲ್ಲ ಹೆಚ್ಚೆಂದರೆ ಒಂದೆರಡು ಪಿಕ್ಸೆಲ್. ಬೂದು ಅಲ್ಲಿಗೆ ಹರಿದರೆ ದನ, ಧನಗಳ ನಡುವಿನ ವ್ಯತ್ಯಾಸವನ್ನು ಓದುಗ ಕಣ್ಣಿನಿಂದಲ್ಲ, ಸಂದರ್ಭದಿಂದ ಊಹಿಸಬೇಕಾಗುತ್ತದೆ. ಬಲ್ಲವರು ಊಹಿಸಿಯಾರು, ಈಗಷ್ಟೇ ಅಕ್ಷರ ಕಲಿಯುವ ಮಗುವಿಗೆ ಊಹಿಸಲು ಇನ್ನೂ ಏನೂ ಗೊತ್ತಿಲ್ಲ.

ಕೇಬಲ್ಲಿನ ಮಾತು ಇನ್ನೂ ಉಳಿದಿದೆ, ಏಕೆಂದರೆ ಜನ ಮೊದಲು ಬದಲಿಸುವುದು ಅದನ್ನೇ. ಎಚ್‌ಡಿಎಂಐ ಸಾಗಿಸುವುದು ಅಂಕಿಗಳನ್ನು. ಕೇಬಲ್ ಸೋತರೆ ಪರದೆಯಲ್ಲಿ ಕಿಡಿಗಳಂಥ ಚುಕ್ಕಿಗಳು ಹಾರುತ್ತವೆ, ಚಿತ್ರ ಬಂದುಹೋಗಿ ಮಾಡುತ್ತದೆ, ಇಲ್ಲವೇ ಪೂರ್ತಿ ಕಪ್ಪಾಗುತ್ತದೆ. ಅಕ್ಷರಗಳ ಅಂಚನ್ನಷ್ಟೇ ಆರಿಸಿ ಮೆದು ಮಾಡುವ ವಿದ್ಯೆ ಅದಕ್ಕೆ ಬರುವುದಿಲ್ಲ. ಆದರೆ ಎರಡು ವಿಷಯ ಒಪ್ಪಬೇಕು. ಕೇಬಲ್ ದುರ್ಬಲವಾಗಿದ್ದರೆ ಉನ್ನತ ರೆಸಲ್ಯೂಷನ್ ನಿಲ್ಲದೆ, ಕೆಳಗಿನದಕ್ಕೆ ಇಳಿಯಬೇಕಾಗಿ ಬರಬಹುದು. ಆಗ ಮಸುಕಿಗೆ ಅದು ಪರೋಕ್ಷ ಕಾರಣ. ಇನ್ನೊಂದು, 1987ರಲ್ಲಿ ಐಬಿಎಂ ತಂದ, ನಮ್ಮ ಕಚೇರಿ ಶಾಲೆಗಳಲ್ಲಿ ಇಂದಿಗೂ ಕಾಣುವ ವಿಜಿಎ. ಅದು ಅಂಕಿಯನ್ನಲ್ಲ, ಏರಿಳಿಯುವ ವಿದ್ಯುತ್ತನ್ನು ಸಾಗಿಸುತ್ತದೆ. ಉದ್ದನೆಯ, ಕಳಪೆ ತಂತಿಯಲ್ಲಿ ಅಂಚು ನಿಜಕ್ಕೂ ಕರಗುತ್ತದೆ, ಮಾನಿಟರ್ ಪಿಕ್ಸೆಲ್ ಎಲ್ಲಿ ಶುರುವಾಯಿತೆಂದು ತಪ್ಪಾಗಿ ಎಣಿಸಿದರೂ ಕರಗುತ್ತದೆ. ಮಾನಿಟರಿನ 'ಆಟೋ' ಗುಂಡಿ ಒತ್ತಿದರೆ ಎಣಿಕೆ ಹಲವು ಸಲ ಸರಿಹೋಗುತ್ತದೆ; ಎರಡೂ ಕಡೆ ಎಚ್‌ಡಿಎಂಐ ಇದ್ದರೆ ವಿಜಿಎಯನ್ನು ಬಿಡುವುದೇ ಸರಿ. 1366×768 ಪಿಕ್ಸೆಲ್‌ನ 'ಎಚ್‌ಡಿ ರೆಡಿ' ಟಿವಿಗಳದ್ದು ಇನ್ನೂ ಕಷ್ಟದ ಪ್ರಕರಣ. ಹಲವು ಸೆಟ್‌ಗಳು ಎಚ್‌ಡಿಎಂಐ ಮೂಲಕ 1280×720 ಇಲ್ಲವೇ 1920×1080ನ್ನು ಮಾತ್ರ ಒಪ್ಪುತ್ತವೆ, ಎರಡೂ ಅವುಗಳ ಚೌಕಳಿಗೆ ಕೂರುವುದಿಲ್ಲ. ಅಲ್ಲಿ ಯಾವ ಸೆಟ್ಟಿಂಗ್ಸೂ ಪೂರ್ತಿ ಉಳಿಸದು. ಹೊಸ ಪರದೆ ಕೊಳ್ಳಲು ನ್ಯಾಯವಾದ ಕಾರಣವಿರುವುದು ಇಂಥ ಕಡೆ.

ಹಾಗಾದರೆ ದೋಷ ಎಲ್ಲಿದೆಯೆಂದು ಪತ್ತೆ ಹಚ್ಚುವ ಕ್ರಮವೂ ಈ ವಾದದಿಂದಲೇ ಹೊರಡುತ್ತದೆ. ಅಕ್ಷರದ ದಾರಿಯನ್ನು ಎರಡು ತುಂಡು ಮಾಡಿ ಯಾವ ತುಂಡಿನಲ್ಲಿ ಅದು ಕೆಟ್ಟಿತೆಂದು ನೋಡಬೇಕು. ಮೊದಲು ಮಾನಿಟರಿನ ಸ್ವಂತ ಮೆನು ತೆರೆಯಿರಿ. ಆ ಮೆನುವಿನ ಅಕ್ಷರ ಚೊಕ್ಕವಾಗಿ ಕಂಡರೆ ಪರದೆಯೂ ಸರಿ, ಕಣ್ಣೂ ಸರಿ. ಅದೇ ಮೆನುವಿನಲ್ಲಿ ಈಗ ಬರುತ್ತಿರುವ ರೆಸಲ್ಯೂಷನ್ ಎಷ್ಟೆಂಬುದೂ ಸಾಮಾನ್ಯವಾಗಿ ಇರುತ್ತದೆ, ಪರದೆಯ ಲೆಕ್ಕದೊಡನೆ ಹೋಲಿಸಿ. ನಂತರ ಕಂಪ್ಯೂಟರಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ಹಿಗ್ಗಿಸಿ ನೋಡಿ. ಅಲ್ಲಿಯೂ ಅಕ್ಷರ ಮಸುಕಾಗಿದ್ದರೆ ದೋಷ ಒಳಗಿನ ತಂತ್ರಾಂಶದ್ದು: ಸ್ಕೇಲಿಂಗ್, ಹಳೆಯ ಪ್ರೋಗ್ರಾಂ, ಫಾಂಟ್ ನುಣುಪು. ಅಲ್ಲಿ ಚೊಕ್ಕವಾಗಿದ್ದು ಪರದೆಯಲ್ಲಿ ಮಾತ್ರ ಮಸುಕಾಗಿದ್ದರೆ ಚಿತ್ರ ಹೊರಗೆ ಕಾಲಿಟ್ಟ ಮೇಲೆ ಕೆಟ್ಟಿದೆ: ರೆಸಲ್ಯೂಷನ್, ಓವರ್‌ಸ್ಕ್ಯಾನ್, ಬಣ್ಣದ ಕಡಿತ, ಶಾರ್ಪ್‌ನೆಸ್. ಕಪ್ಪಕ್ಷರ ಸರಿಯಿದ್ದು ಬಣ್ಣದಕ್ಷರ ಮಾತ್ರ ಸೋರಿದರೆ ಬಣ್ಣದ ಕಡಿತವೆಂದು ಬಹುಮಟ್ಟಿಗೆ ಹೇಳಿಬಿಡಬಹುದು. ಈ ಪರೀಕ್ಷೆಗಳಿಗೆ ಕಾಸು ಖರ್ಚಿಲ್ಲ, ತಂತ್ರಜ್ಞನ ಅಗತ್ಯವೂ ಇಲ್ಲ. ಕೊಳ್ಳುವ ಯೋಚನೆ ಇವೆಲ್ಲ ಮುಗಿದ ಮೇಲೆ ಬರಲಿ.

ಇಷ್ಟೆಲ್ಲವನ್ನು ಬಳಸುವವನೇ ತಿಳಿದಿರಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ತಯಾರಕರ ಪರವಾಗಿ ಒಂದು ಸಮರ್ಥನೆಯಿದೆ: ಟಿವಿಯನ್ನು ಬಹುಪಾಲು ಜನ ನೋಡಲು ಕೊಳ್ಳುತ್ತಾರೆ, ಓದಲು ಅಲ್ಲ, ಆದ್ದರಿಂದ ಅದು ಚಿತ್ರಕ್ಕೆ ಹೊಂದಿಕೊಂಡೇ ಬರುವುದು ಸರಿ. ಬಂದ ಚಿತ್ರ ಸಿನಿಮಾವೋ ಬರಹವೋ ಎಂದು ಟಿವಿಗೆ ತಿಳಿಯುವ ದಾರಿಯೇ ಇಲ್ಲದಿದ್ದರೆ ಈ ಸಮರ್ಥನೆಯನ್ನು ಒಪ್ಪಬಹುದಿತ್ತು. ಆದರೆ ದಾರಿಯಿದೆ. ಚಿತ್ರದೊಡನೆ ಎಚ್‌ಡಿಎಂಐ ಕಳಿಸುವ ಸಂದೇಶದಲ್ಲಿ ಇದು ಗ್ರಾಫಿಕ್ಸ್, ಇದು ಸಿನಿಮಾ, ಇದು ಆಟ ಎಂದು ಹೇಳಲು ಜಾಗವಿದೆ. ಓವರ್‌ಸ್ಕ್ಯಾನ್ ಬೇಡವೆಂದು ಹೇಳಲೂ ಜಾಗವಿದೆ. ಎಲ್ಲ ಯಂತ್ರಗಳೂ ಅದನ್ನು ಹೇಳುವುದಿಲ್ಲ, ಹೇಳಿದರೂ ಎಲ್ಲ ಟಿವಿಗಳೂ ಕೇಳಿಸಿಕೊಳ್ಳುವುದಿಲ್ಲ. ಪಿಕ್ಚರ್ ಟ್ಯೂಬ್ ಹೋದ ಮೇಲೂ ಅಂಚು ಕತ್ತರಿಸುವ ಅಭ್ಯಾಸವನ್ನು ಉಳಿಸಿಕೊಂಡಿರುವುದಕ್ಕೆ ಬಳಕೆದಾರನ ಅಜ್ಞಾನವನ್ನು ದೂರಲಾಗದು. ವಿಂಡೋಸ್ ಪರದೆಯ ಸ್ವಂತ ರೆಸಲ್ಯೂಷನ್ ಮುಂದೆ 'ಶಿಫಾರಸು' ಎಂಬ ಗುರುತು ಹಾಕುವಷ್ಟು ಸರಳವಾದ ಒಂದು ಸೌಜನ್ಯವನ್ನು ಟಿವಿ ಮೆನುಗಳಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಆ ಸೌಜನ್ಯ ಬರುವವರೆಗೆ ಮಾಡಬಹುದಾದ ಕೆಲಸ ಕೊಳ್ಳುವವರ ಕೈಯಲ್ಲಿದೆ. ಶಾಲೆ, ಗ್ರಂಥಾಲಯ, ಕಚೇರಿಗಳಿಗೆ ಚಿಕ್ಕ ಕಂಪ್ಯೂಟರ್‌ಗಳನ್ನು ಹತ್ತಾರು ಲೆಕ್ಕದಲ್ಲಿ ತರಿಸುವವರು ಮೆಮೊರಿ ಎಷ್ಟು, ವಾರಂಟಿ ಎಷ್ಟು ಎಂದು ಕೇಳುತ್ತಾರೆ; ಅಳವಡಿಸಿ ಕೊಡುವ ಷರತ್ತಿನಲ್ಲಿ ಮೂರು ಸಾಲು ಸೇರಿಸಲಿ. ಪ್ರತಿ ಪರದೆಯೂ ತನ್ನ ಸ್ವಂತ ರೆಸಲ್ಯೂಷನ್‌ನಲ್ಲಿ, ಓವರ್‌ಸ್ಕ್ಯಾನ್ ಇಲ್ಲದೆ ನಡೆಯುತ್ತಿರಬೇಕು. ಅಕ್ಷರದ ಗಾತ್ರವನ್ನು ಸ್ಕೇಲಿಂಗ್‌ನಿಂದಲೇ ಹೊಂದಿಸಿರಬೇಕು. 12 ಪಾಯಿಂಟ್ ಕನ್ನಡ ಪುಟವೊಂದನ್ನು ತೆರೆದು ಒತ್ತಕ್ಷರ, ಮಹಾಪ್ರಾಣಗಳು ಬಿಡಿಬಿಡಿಯಾಗಿ ಓದಲು ಬರುತ್ತವೆಂದು ತೋರಿಸಿದ ಮೇಲೆಯೇ ಬಿಲ್ಲಿಗೆ ಸಹಿ ಬೀಳಬೇಕು. ಹೀಗೆ ಕೇಳುವ ಗಿರಾಕಿಗಳು ಹೆಚ್ಚಿದಂತೆ, ಪೆಟ್ಟಿಗೆಯಿಂದ ಹೊರಬಂದಾಗಲೇ ಸರಿಯಿರುವ ಯಂತ್ರಗಳನ್ನು ಕಳಿಸುವುದು ಮಾರುವವರಿಗೂ ಲಾಭದ ಮಾತಾಗುತ್ತದೆ.